ರೆಟ್ರೋಆರ್ಚ್ ಒಂದೇ ಸಾಕಾ, ಬಿಡಿ ಎಮ್ಯುಲೇಟರ್ ಬೇಕಾ? ಬಳಸಿ ನೋಡಿ ಬರ್ದಿದ್ದು

ಎಮ್ಯುಲೇಟರ್ ಅಂದ್ರೆ ಹಳೇ ಗೇಮ್ ಮೆಷಿನ್ನಿನ ಗೇಮ್‌ಗಳನ್ನ ಕಂಪ್ಯೂಟರ್‌ನಲ್ಲಿ ಓಡಿಸೋ ಸಾಫ್ಟ್‌ವೇರ್; ರೆಟ್ರೋಆರ್ಚ್ ಅಂಥವನ್ನ ಒಂದೇ ಕಡೆ ಸೇರ್ಸಿ ಕೊಡ್ತದೆ, ಬಿಡಿ ಎಮ್ಯುಲೇಟರ್ ಅಂದ್ರೆ ಒಂದೊಂದನ್ನೂ ಬೇರೆ ಬೇರೆಯಾಗಿ ಹಾಕ್ಕೊಳ್ಳೋದು. ಮೊದ್ಲೇ ಹೇಳ್ಬಿಡ್ತೀನಿ, ಕ್ಯಾಸೆಟ್ ಹಾಕಿ ಆಡ್ತಿದ್ವಲ್ಲ ಆ ಟಿವಿ ಗೇಮ್ ಕಾಲದ್ದು, ಸೂಪರ್ ನಿಂಟೆಂಡೋ, ಜಿಬಿಎ (ಗೇಮ್ ಬಾಯ್ ಅಡ್ವಾನ್ಸ್) ಇಂಥವಕ್ಕೆ ರೆಟ್ರೋಆರ್ಚ್ ಸಾಕು, ಪಿಎಸ್2 (ಪ್ಲೇಸ್ಟೇಷನ್ 2), ನಿಂಟೆಂಡೋ ವೀ ಅಂತ ಹೋದ್ರೆ ಬಿಡಿ ಎಮ್ಯುಲೇಟರ್ರೇ ಹಾಕ್ಕೊಳ್ರಿ.

ದಾವಣಗೆರೆಲಿ ನಮ್ಮನೆ ಹಾಲ್‌ನಲ್ಲಿ ಹಳೇ ಕಂಪ್ಯೂಟರ್‌ನ ಟಿವಿಗೆ ಕನೆಕ್ಟ್ ಮಾಡಿ ಎರಡೂ ಥರದ್ದು ಇಟ್ಟೀನಿ. ರಜಾ ಬಂತಂದ್ರೆ ಅಣ್ಣನ ಮಕ್ಳು ಅಲ್ಲೇ ಬೀಡು. ರೆಟ್ರೋಆರ್ಚ್ ಅನ್ನೋದು ತಾನೇ ಎಮ್ಯುಲೇಟರ್ ಅಲ್ಲ ನೋಡ್ರಿ, ಅದು ಬರೀ ಮನೆ, ಒಳಗೆ ಬಾಡಿಗೆಗೆ ಇರೋ 'ಕೋರ್'ಗಳೇ ಗೇಮ್ ಓಡಿಸೋದು, ಜಿಬಿಎಗೆ ಎಂಜಿಬಿಎ, ಸೂಪರ್ ನಿಂಟೆಂಡೋಗೆ ಸ್ನೆಸ್9ಎಕ್ಸ್ ಹಿಂಗೆ. ಲಾಭ ಏನಪ್ಪಾ ಅಂದ್ರೆ ಕಂಟ್ರೋಲರ್ ಬಟನ್ ಒಂದ್ಸಲ ಸೆಟ್ ಮಾಡಿದ್ರೆ ಎಲ್ಲಾ ಕೋರ್‌ಗೂ ಅದೇ ನಡೀತದೆ, ಸೇವ್ ಸ್ಟೇಟ್ (ಗೇಮ್‌ನ ಆ ಕ್ಷಣಾನೇ ಹಾಗೇ ಉಳಿಸಿಡೋದು) ಹಾಟ್‌ಕೀನೂ ಅದೇ, ಹಳೇ ಡಬ್ಬಾ ಟಿವಿ ಥರ ಗೆರೆ ಕಾಣೋ ಶೇಡರ್ರೂ ಎಲ್ಲದಕ್ಕೂ ಹಾಕ್ಬಹುದು. ರನ್-ಅಹೆಡ್ ಅಂತ ಒಂದೈತೆ, ಬಟನ್ ಒತ್ತಿದ್ದಕ್ಕೂ ಮಾರಿಯೋ ಜಿಗಿಯೋದಕ್ಕೂ ನಡುವೆ ಗೇಮೇ ತಗೊಳ್ಳೋ ಒಂದೆರಡು ಫ್ರೇಮ್ ತಡಾನ ಮರೆಮಾಡ್ತದೆ, ಪ್ರೊಸೆಸರ್ ಮೇಲೆ ಮಾತ್ರ ಲೋಡ್ ಜಾಸ್ತಿ.

ತಲೆನೋವು ಮೆನು. ಸೆಟ್ಟಿಂಗ್ಸ್ ಒಳಗೆ ಸೆಟ್ಟಿಂಗ್ಸ್, ಅದ್ರಾಗೆ ಕೋರ್‌ಗೊಂದು ಓವರ್‌ರೈಡ್ (ಅದಕ್ಕಷ್ಟೇ ಬೇರೆ ಸೆಟ್ಟಿಂಗ್), ಫೋಲ್ಡರ್‌ಗೊಂದು, ಗೇಮ್‌ಗೊಂದು, ಎಲ್ಲಿ ಸೇವ್ ಆಯ್ತೋ ದೇವ್ರಿಗೇ ಗೊತ್ತು, ಹೊಸಬ್ರಿಗೆ ಇದನ್ನ ಕೊಟ್ರೆ ಅರ್ಧ ಗಂಟೇಲಿ ಡಿಲೀಟ್ ಮಾಡ್ತಾರೆ. ಇನ್ನೊಂದು, ನಮ್ಮ ಕಡೆ ಬ್ಯಾಸಿಗೇಲಿ ಕರೆಂಟ್ ಯಾವಾಗ ಹೋಗ್ತದೆ ಹೇಳಕ್ಕಾಗಲ್ಲ, ಯುಪಿಎಸ್ ಇಲ್ದಿದ್ರೆ ಸೇವಿಂಗ್ ಸೆಟ್ಟಿಂಗ್ಸ್‌ನಲ್ಲಿ ಸೇವ್‌ರ‍್ಯಾಮ್ ಆಟೋಸೇವ್ ಆನ್ ಮಾಡ್ಕೊಳ್ರಿ, ಅದು ಆಫ್ ಇದ್ರೆ ಗೇಮ್ ಒಳಗಿನ ಸೇವ್ ಕೂಡ ಗೇಮ್ ಕ್ಲೋಸ್ ಮಾಡಿದಾಗಲೇ ಫೈಲ್‌ಗೆ ಹೋಗೋದು.

ಬಿಡಿ ಎಮ್ಯುಲೇಟರ್‌ಗಳ ಸುಖ ಬೇರೆ. ಪಿಪಿಎಸ್‌ಎಸ್‌ಪಿಪಿಗೆ (ಪಿಎಸ್‌ಪಿ ಅನ್ನೋ ಸೋನಿ ಕೈ ಮೆಷಿನ್‌ದು) ಬಯೋಸ್ (ಮೂಲ ಮೆಷಿನ್ ಒಳಗಿನ ಸಾಫ್ಟ್‌ವೇರ್ ಫೈಲ್) ಕೂಡ ಬೇಡ, ಹಾಕಿದ್ರೆ ಆಯ್ತು. ಪಿಸಿಎಸ್‌ಎಕ್ಸ್2ಗೆ ಪಿಎಸ್2 ಬಯೋಸ್ ಬೇಕೇ ಬೇಕು, ಆದ್ರೆ ಯಾವ ಗೇಮ್‌ಗೆ ಯಾವ ಫಿಕ್ಸ್ ಅನ್ನೋ ಪಟ್ಟಿ ಅದರ ಹತ್ರಾನೇ ಇರ್ತದೆ, ರೆಸಲ್ಯೂಷನ್ ಏರ್ಸೋದೂ ಎದುರಿಗೇ ಸಿಗ್ತದೆ. ವೀ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ವೀ ರಿಮೋಟ್ ತಿರುಗಿಸೋದು, ತೋರಿಸೋದು ಎಲ್ಲಾ ಒಂದೊಂದಾಗಿ ಸೆಟ್ ಮಾಡೋ ಕಿಂಡಿನೇ ಬೇರೆ ಐತೆ, ಅಷ್ಟು ವಿವರ ರೆಟ್ರೋಆರ್ಚ್‌ನ ಒಟ್ಟು ಮೆನುಗೆ ಹಿಡ್ಸೋದು ಕಷ್ಟ. ಹೊಸ ಅಪ್‌ಡೇಟ್ ಮೊದ್ಲು ಬರೋದೂ ಸಾಮಾನ್ಯವಾಗಿ ಇಲ್ಲೇ, ಕೋರ್‌ಗೆ ಆಮೇಲೆ. ಬೇಜಾರು ಅಂದ್ರೆ ಪ್ರತಿಯೊಂದ್ರಲ್ಲೂ ಕಂಟ್ರೋಲರ್ ಮತ್ತೆ ಸೆಟ್ ಮಾಡ್ಬೇಕು.

ರೆಟ್ರೋಆರ್ಚ್‌ನಿಂದ ಬಿಡಿ ಎಮ್ಯುಲೇಟರ್‌ಗೆ ಹಾರೋವಾಗ ಸೇವ್ ಸ್ಟೇಟ್ ಬರುತ್ತೆ ಅಂತ ನಂಬ್ಕೋಬೇಡ್ರಿ. ಗೇಮ್ ಒಳಗಿನ ಸೇವ್ ಸಾಮಾನ್ಯವಾಗಿ ಬರ್ತದೆ, ಎಂಜಿಬಿಎ ಆದ್ರೆ ಸೇವ್ ಫೈಲ್ ಹೆಸರಿನ ಕೊನೇಲಿರೋ .ಎಸ್‌ಆರ್‌ಎಂ ಅನ್ನೋದನ್ನ .ಎಸ್‌ಎವಿ ಮಾಡಿದ್ರೆ ಸಾಕು.

ಮಕ್ಳಿಗೆ ಮಾತ್ರ ಇದ್ಯಾವ್ದೂ ಕಾಣಲ್ಲ, ಮೇಲೆ ಇಎಸ್-ಡಿಇ ಹಾಕಿದೀನಿ, ಅದು ಗೇಮ್‌ಗಳ ಪೋಸ್ಟರ್ ತೋರ್ಸಿ ಹಿಂದ್ಗಡೆ ರೆಟ್ರೋಆರ್ಚ್ ಬೇಕಾದ್ರೆ ಅದನ್ನ, ಪಿಸಿಎಸ್‌ಎಕ್ಸ್2 ಬೇಕಾದ್ರೆ ಅದನ್ನ ಕರೀತದೆ. ಕಂಪ್ಯೂಟರ್‌ಗೆ ಇವೆಲ್ಲಾ ಫ್ರೀ, ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡ್ರಿ.