ಸಣ್ಣ ಬಜೆಟ್ ಹಾರರ್: ಮೊದಲು ಥಿಯೇಟರೋ, ಒಟಿಟಿಯೋ?

ಶಿವಮೊಗ್ಗ, ಸಾಗರದ ಥಿಯೇಟರುಗಳಲ್ಲಿ ಮೊದಲು ಬಿಡುವುದಾದರೆ ಸೆನ್ಸಾರ್, ಡಿಸಿಪಿ (ಥಿಯೇಟರಿನಲ್ಲಿ ಓಡಿಸುವ ಚಿತ್ರದ ಡಿಜಿಟಲ್ ಪ್ರತಿ), ಪ್ರೊಜೆಕ್ಷನ್ ಶುಲ್ಕ, ಪೋಸ್ಟರ್ ಎಲ್ಲಕ್ಕೂ ಕೈಯಿಂದಲೇ ಹಾಕಬೇಕು. ವಾರದ ಬಾಡಿಗೆಗೆ ಒಪ್ಪಿದರೆ ಸೀಟು ಖಾಲಿಯಿದ್ದರೂ ದುಡ್ಡು ಕಟ್ಟಲೇಬೇಕು. ಟಿಕೆಟ್ ಗಳಿಕೆಯನ್ನು ಥಿಯೇಟರಿನೊಂದಿಗೆ ಹಂಚಿಕೊಳ್ಳುವ ಶೇರ್ ಲೆಕ್ಕವೇ ವಾಸಿ. ಲಾಕ್ ಮಾಡಿದ ಡಿಸಿಪಿಗೆ ಥಿಯೇಟರಿನ ಪ್ರತಿ ಸರ್ವರ್‌ಗೂ (ಚಿತ್ರ ಓಡಿಸುವ ಕಂಪ್ಯೂಟರ್) ಬೇರೆ ಕೆಡಿಎಂ, ಅಂದರೆ ಲಾಕ್ ತೆರೆಯುವ ಡಿಜಿಟಲ್ ಕೀ ಬೇಕು. ಅದು ಶುಕ್ರವಾರದ ಬದಲು ಗುರುವಾರವೇ ತೆರೆಯುವಂತೆ ಮಾಡಿಸಿ, ಕತ್ತಲ ದೃಶ್ಯಗಳನ್ನು ಓಡಿಸಿ ನೋಡಿ. ಲ್ಯಾಂಪ್ ಹಳೆಯದಾಗಿದ್ದರೆ ಪರದೆಯ ಮೇಲೆ ದೆವ್ವವೇ ಕಾಣುವುದಿಲ್ಲ! ಮಲೆನಾಡಿನಲ್ಲಿ ಜುಲೈ ಮಳೆಗೆ ಬಿಡುಗಡೆ ಬೇಡ. ಸೆಕೆಂಡ್ ಶೋಗೆ ಹಳ್ಳಿಯವರು ಬರುವುದು ಕಷ್ಟ.

ಒಟಿಟಿಗೆ ಸೆನ್ಸಾರ್ ಕಾನೂನಿನ ಕಡ್ಡಾಯವಲ್ಲ. ಆದರೆ ನೋಡಿದಷ್ಟಕ್ಕೇ ದುಡ್ಡು ಕೊಡುವ ವೀಕ್ಷಣೆ ಲೆಕ್ಕದ ಒಪ್ಪಂದವಾದರೆ ಸಾಮಾನ್ಯವಾಗಿ ಕೈಗೆ ಮುಂಗಡ ಬರುವುದಿಲ್ಲ. ಸಾಲದ ಚಿತ್ರವಾದರೆ, ಮೊದಲು ನಿಗದಿತ ಮೊತ್ತಕ್ಕೆ ಒಟಿಟಿ ಹಕ್ಕು ಮಾರಿ. ಟಿವಿ, ಡಬ್ಬಿಂಗ್ ಹಕ್ಕುಗಳನ್ನು ಮಾತ್ರ ಅದರೊಳಗೆ ಸೇರಿಸಬೇಡಿ.