ಮಿಲ್‌ಸಬ್ ಆಸೆ ಬಿಟ್ಟು ಕೊಂಡ ಸಿಡಬ್ಲ್ಯುಸಿ ಡೈವರ್ ವಾಚು

ಎರಡು ವರ್ಷದಿಂದ ಈ ವಾಚು ನನ್ನ ಕೈಯಲ್ಲಿದೆ. 300 ಮೀಟರ್ ಆಳಕ್ಕೆ ತಡೆಯುವ ವಾಚು ಇದು, ನನ್ನ ಜೊತೆ ಈಜುಕೊಳ ದಾಟಿ ಎಲ್ಲೂ ಹೋಗಿಲ್ಲ ಪಾಪ.

ನಿಜ ಹೇಳಬೇಕು ಅಂದ್ರೆ ನನಗೆ ಬೇಕಾಗಿದ್ದದ್ದು ಮಿಲ್‌ಸಬ್. 1970ರ ದಶಕದಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಗೆಂದೇ ರೋಲೆಕ್ಸ್ ಮಾಡಿಕೊಟ್ಟ ಸಬ್‌ಮರೀನರ್ ಎಂಬ ಡೈವರ್ ವಾಚು ಅದು. ಹರಾಜಿನ ಫೋಟೋದಲ್ಲಿ ನೋಡಿ ಖುಷಿಪಡಬೇಕು ಅಷ್ಟೇ. ಆಸೆ ತಡೆಯಲಾಗದೆ ಒಬ್ಬ ಮಾರಾಟಗಾರನಿಂದ ಇನ್ಯಾವುದೋ ‘ನೌಕಾಪಡೆಯ ಹಳೇ ವಾಚು’ ಕೊಂಡೆ. ಹಿಂಬದಿಯಲ್ಲಿ 6645-99 ಅಂತ ಶುರುವಾಗುವ ನಂಬರು ಕೆತ್ತಿತ್ತು. ನೇಟೋ ಲೆಕ್ಕದಲ್ಲಿ 6645 ಅಂದರೆ ಗಡಿಯಾರ, 99 ಅಂದರೆ ಬ್ರಿಟನ್. ಡಯಲ್ ಮೇಲೆ ವೃತ್ತದೊಳಗೆ ಟಿ ಅಕ್ಷರ, ಅಂದರೆ ಟ್ರಿಷಿಯಂ: ಕತ್ತಲಲ್ಲಿ ಹೊಳೆಯಲಿ ಅಂತ ಬಣ್ಣಕ್ಕೆ ಬೆರೆಸುತ್ತಿದ್ದ ವಿಕಿರಣಶೀಲ ವಸ್ತು. ಎಲ್ಲ ಸರಿ ಇತ್ತು, ರಾತ್ರಿ ಲೈಟ್ ಆರಿಸುವ ತನಕ! ಮುಳ್ಳುಗಳು ಮಿಂಚುಹುಳದ ಹಾಗೆ ಹೊಳೆದವು. ಟ್ರಿಷಿಯಂ ಸುಮಾರು 12.3 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅಷ್ಟು ಹಳೆಯ ಬಣ್ಣ ಇಷ್ಟೊತ್ತಿಗೆ ಸತ್ತು ಮಲಗಿರಬೇಕಿತ್ತು ಅಲ್ವಾ? ಯಾರೋ ಹೊಸ ಬಣ್ಣ ಬಳಿದಿದ್ದರು. ಅದಕ್ಕೂ ಹಳೆಯ ರೇಡಿಯಂ ವಾಚುಗಳ ಕಥೆಯೇ ಬೇರೆ: ಹೊಳಪು ಹೋದರೂ ವಿಕಿರಣ ಹೋಗಲ್ಲ, ಸುಮ್ನೆ ಕುತೂಹಲಕ್ಕೆ ಹಿಂಬದಿ ಬಿಚ್ಚಬೇಡಿ.

ಆಮೇಲೆ ಬೇರೆ ದಾರಿಯಲ್ಲಿ ಯೋಚಿಸಿದೆ. ಮಿಲ್‌ಸಬ್ ಆದ ಮೇಲೆ ರಾಯಲ್ ನೇವಿ ಡೈವರ್‌ಗಳು ಕಟ್ಟಿದ್ದು ಏನನ್ನು? ಸಿಡಬ್ಲ್ಯುಸಿ, ಅಂದರೆ ಕ್ಯಾಬಟ್ ವಾಚ್ ಕಂಪನಿಯದ್ದು. ರೇ ಮೆಲ್ಲರ್ 1972ರಲ್ಲಿ ಶುರು ಮಾಡಿದ ಕಂಪನಿ. 1980ರಲ್ಲಿ ಆಟೋಮ್ಯಾಟಿಕ್, ಅಂದರೆ ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ, ಡೈವರ್ ವಾಚು ಬಂತು, ಕೆಲವೇ ವರ್ಷದಲ್ಲಿ ಬ್ಯಾಟರಿಯ ಕ್ವಾರ್ಟ್ಜ್. ಆ ಕ್ವಾರ್ಟ್ಜ್ ಮಾದರಿ ಈಗಲೂ ಹೊಸದಾಗಿ ಸಿಗುತ್ತದೆ. ನನ್ನದು ಅದೇ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಪಟ್ಟಿ ಹಿಡಿಯುವ ಕಂಬಿ. ಮಾಮೂಲಿ ವಾಚಿನಲ್ಲಿ ಅಲ್ಲಿ ಸ್ಪ್ರಿಂಗ್ ಬಾರ್ ಇರುತ್ತದೆ, ಒತ್ತಿದರೆ ಕಳಚಿ ಬರುತ್ತದೆ. ಇದರಲ್ಲಿ ಉಕ್ಕಿನ ಕಂಬಿಯನ್ನು ಕೇಸಿಗೇ ಬೆಸೆದಿದ್ದಾರೆ, ಮಿಲ್‌ಸಬ್‌ನಲ್ಲಿ ಇದ್ದ ಹಾಗೆಯೇ. ನೀರಿನಡಿ ಎಲ್ಲೋ ತಾಗಿ ಸ್ಪ್ರಿಂಗ್ ಬಾರ್ ಕಿತ್ತರೆ ವಾಚಿನ ಜೊತೆ ಡೈವರ್‌ನ ಗಾಳಿಯ ಲೆಕ್ಕವೂ ಹೋಗುತ್ತದಲ್ಲ, ಅದಕ್ಕೆ. ಹಾಗಾಗಿ ಚರ್ಮದ ಎರಡು ತುಂಡಿನ ಪಟ್ಟಿ, ಸ್ಟೀಲ್ ಚೈನು ಎಲ್ಲ ಮರೆತುಬಿಡಿ. ಕೆಳಗಿಂದ ತೂರಿಸುವ ಒಂದೇ ಎಳೆಯ ನೈಲಾನ್ ಪಟ್ಟಿಯೇ ಗತಿ. ನೈಲಾನ್ ಒದ್ದೆಯಾದರೆ ಬೇಗ ಒಣಗಲ್ಲ, ಅದೊಂದು ಕಿರಿಕಿರಿ.

ಬೆಜೆಲ್, ಅಂದರೆ ಮುಳುಗಿ ಎಷ್ಟು ಹೊತ್ತಾಯಿತು ಅಂತ ನೋಡಲು ಗಾಜಿನ ಸುತ್ತ ಇರುವ ತಿರುಗುವ ಉಂಗುರ, ಅದರ ಮೇಲೆ 60 ನಿಮಿಷಕ್ಕೂ ಗೆರೆ ಇದೆ. ಮಾಮೂಲಿ ಸಬ್‌ಮರೀನರ್‌ನಲ್ಲಿ ಮೊದಲ 15 ನಿಮಿಷಕ್ಕೆ ಮಾತ್ರ ಇಂಥ ಗೆರೆ. ಈ ಯೋಚನೆಯೆಲ್ಲ ಹಳೆಯದು. ಫ್ರಾನ್ಸಿನ ಸೈನಿಕ ಡೈವರ್‌ಗಳಾದ ರಾಬರ್ಟ್ ಮಲೂಬಿಯೆ, ಕ್ಲೋಡ್ ರಿಫೋ ತಮಗೆ ಬೇಕಾದ ವಾಚು ಹೀಗಿರಬೇಕು ಅಂತ ಹಟ ಹಿಡಿದಿದ್ದರು: ಕಪ್ಪು ಡಯಲ್, ದಪ್ಪ ಹೊಳೆಯುವ ಗುರುತು, ತಿರುಗುವ ಬೆಜೆಲ್. 1953ರ ಬ್ಲಾಂಪಾ ಫಿಫ್ಟಿ ಫ್ಯಾದಮ್ಸ್ ಅದಕ್ಕೆ ಉತ್ತರ. ಅದರ ಬೆಜೆಲ್ ಅನ್ನು ಒತ್ತಿದರೆ ಮಾತ್ರ ತಿರುಗುತ್ತಿತ್ತು, ಕೈ ತಾಗಿ ಸಮಯ ತಪ್ಪಬಾರದಲ್ಲ. ಮುಂದೆ ಅಮೆರಿಕದ ನೌಕಾಪಡೆಗೆ ಮಾಡಿದ್ದರಲ್ಲಿ ಒಳಗೆ ತೇವ ನುಗ್ಗಿದರೆ ಬಣ್ಣ ಬದಲಾಯಿಸುವ ಒಂದು ಪುಟ್ಟ ಚುಕ್ಕೆಯನ್ನೂ ಡಯಲ್ ಮೇಲೆ ಇಟ್ಟರು. ನನ್ನ ವಾಚಿನಲ್ಲಿ ಅದೂ ಇದ್ದಿದ್ದರೆ!

ಕ್ವಾರ್ಟ್ಜ್ ಅಂದ ಕೂಡಲೇ ಮೂಗು ಮುರಿಯುವ ಸಂಗ್ರಹಕಾರರು ಜಾಸ್ತಿ. ಮುರಿಯಲಿ. ವಾರ ಬಿಟ್ಟು ಡ್ರಾಯರ್‌ನಿಂದ ತೆಗೆದರೂ ಸಮಯ ಸರಿ ಇರುತ್ತದೆ, ಸೈನಿಕನಿಗೂ ಅದೇ ಬೇಕಿತ್ತು. ಬ್ಯಾಟರಿ ಹಾಕಿಸುವಾಗ ಮಾತ್ರ ಸೀಲ್ ಬದಲಿಸಿ ಒತ್ತಡ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಆ 300 ಮೀಟರ್ ಬರೀ ಅಕ್ಷರ.

ಬೆಜೆಲ್ ಅನ್ನು ನಾನು ಬಳಸುವುದು ಮೀಟಿಂಗ್ ಎಷ್ಟು ಎಳೆಯಿತು ಅಂತ ನೋಡಲು. ಕಳೆದ ವಾರ ಒಂದು ಸುತ್ತು ಮುಗಿದು ಎರಡನೆಯದು ಶುರುವಾಗಿತ್ತು.