ಹಿತ್ತಿಲಿಗೆ ಪಾಲಿಶ್ ಕಲ್ಲು ಹಾಕಿಸಬೇಡಿ, ದಯವಿಟ್ಟು

ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಮಳೆ ಜಾಸ್ತಿ ಇರುವ ಊರಿನವರು, ಇದನ್ನು ಪೂರ್ತಿ ಓದಿ. ನಮ್ಮದು ಶಿರಸಿ ಕಡೆ. ಅಡುಗೆಮನೆ ಹಿಂಬಾಗಿಲಿನಿಂದ ಬಾವಿಕಟ್ಟೆವರೆಗೆ ಕಾಲುದಾರಿ ಮಾಡಿಕೊಡಿ ಅಂದಿದ್ದಕ್ಕೆ ಗುತ್ತಿಗೆದಾರರು ತಂದು ಹಾಸಿದ್ದು ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. "ಜಾರಲ್ವಾ?" ಅಂತ ಕೇಳಿದರೆ "ಎಲ್ಲರೂ ಇದನ್ನೇ ಹಾಕಿಸ್ತಾರೆ, ಏನೂ ಆಗಲ್ಲ" ಅಂದರು.

ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಕಲ್ಲಿನ ಮೇಲೆ ತೆಳ್ಳಗೆ ಪಾಚಿ ಕಟ್ಟಿತು, ಕಣ್ಣಿಗೆ ಸರಿಯಾಗಿ ಕಾಣುವಷ್ಟೂ ಇರಲಿಲ್ಲ, ಅಮ್ಮ ಕೊಡಪಾನ ಹಿಡಿದು ಬರುವಾಗ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಆ ವಯಸ್ಸಿಗೆ ಮೂಳೆ ಕೂಡಲು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೇ ಗೊತ್ತು.

ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಕ್ಲೀನ್ ಮಾಡಲು ಆಳು ಕಳಿಸಿದರು. ಅವನು ತಂದಿದ್ದು ಬಚ್ಚಲು ತೊಳೆಯುವ ಆಸಿಡ್. ಸುರಿದ ಕೂಡಲೇ ಕಲ್ಲು ಬುಸುಬುಸು ನೊರೆ ಬಂತು. ಶಹಾಬಾದ್ ಅಂದರೆ ಸುಣ್ಣದ ಕಲ್ಲು, ಕಲಬುರಗಿ ಸುತ್ತ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿ ಇರುವುದೇ ಆ ಕಲ್ಲಿನಿಂದ. ಆಸಿಡ್ ಅದನ್ನು ತಿಂದುಬಿಡುತ್ತದೆ. ಈಗ ಕಲ್ಲಿನ ಮೇಲೆಲ್ಲ ಬಿಳಿ ಬಿಳಿ ಕಲೆ. ಹಿತ್ತಿಲಲ್ಲಿ ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುವ ಜಾಗದಲ್ಲೂ ಹಾಗೇ ಕಲೆ ಬೀಳುತ್ತದೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿದರೆ ಸಾಕು, ಆದರೆ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ.

ಇನ್ನೊಂದು ವಿಷಯ, ಇಳಿಜಾರು. ನಮ್ಮಲ್ಲಿ ಮಟ್ಟ ಹಿಡಿದು ಸಪಾಟಾಗಿ ಹಾಸಿದ್ದರು, ನೀರು ಅಲ್ಲೇ ನಿಲ್ಲುತ್ತಿತ್ತು. 10 ಅಡಿಗೆ 2 ಇಂಚು ಇಳಿಜಾರಾದರೂ ಬೇಕು, ಅದೂ ಮನೆಯಿಂದ ಆಚೆ ಕಡೆಗೆ.

ಗ್ರಾನೈಟೇ ಬೇಕು ಅನ್ನುವವರು ಫ್ಲೇಮ್ಡ್ ಫಿನಿಶ್ ಕೇಳಿ. ಬೆಂಕಿ ಹಿಡಿದು ಮೇಲ್ಮೈಯನ್ನು ತರಿತರಿ ಮಾಡಿರುತ್ತಾರೆ, ಕಾಲಿಗೆ ಹಿಡಿತ ಸಿಗುತ್ತದೆ. ಉಳಿ ಪೆಟ್ಟಿನ ಒರಟು ಕಲ್ಲೂ ಒಳ್ಳೆಯದೇ. ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುವ ಸಿಮೆಂಟ್ ಬಿಲ್ಲೆ, ಹಾಕಿಸುವುದಾದರೆ ಬರೀ ನಡೆದಾಡಲು 50 ಎಂಎಂ, ಕಾರು ಹೋಗುವ ಕಡೆ 60 ಎಂಎಂ ದಪ್ಪ ಇರಲಿ, ಅಂಚಿಗೆ ಕಲ್ಲು ಕಟ್ಟಿಸಿ, ಇಲ್ಲದಿದ್ದರೆ ಒಂದೊಂದೇ ಸರಿದು ಬಾಯಿ ಬಿಡುತ್ತವೆ. ಪಾಚಿ ಇವುಗಳ ಮೇಲೂ ಕಟ್ಟುತ್ತದೆ, ಮಳೆಗಾಲದಲ್ಲಿ ಉಜ್ಜುತ್ತಲೇ ಇರಬೇಕು. ನಾವಂತೂ ಸದ್ಯಕ್ಕೆ ಆ ಕಲ್ಲಿನ ಮೇಲೆ ಅಡಿಕೆ ಸೋಗೆ ಹಾಸಿದ್ದೇವೆ, ಮಳೆ ಕಳೆದ ಮೇಲೆ ಎಲ್ಲ ಕಿತ್ತು ಹಾಕಿಸಬೇಕು.

ಅಂಗಡಿಯಲ್ಲಿ ಒಣ ಕಲ್ಲು ನೋಡಿ ಒಪ್ಪಬೇಡಿ. ಅಲ್ಲೇ ಒಂದು ಚೊಂಬು ನೀರು, ಸ್ವಲ್ಪ ಸೋಪು ಹಾಕಿಸಿ, ಪಾದದಿಂದ ಒತ್ತಿ ಎಳೆದು ನೋಡಿ. ಬಿಲ್ಲಿನಲ್ಲಿ ಯಾವ ಫಿನಿಶ್, ಎಷ್ಟು ದಪ್ಪ ಅಂತ ಬರೆಸಿಕೊಳ್ಳಿ.